60 ಪೌಂಡಿನ ದೋಣಿ, ಕೆಂಪು ಹಾಯಿ

ಟಾರ್ಪಾಲು ಎತ್ತಿದಾಗ ಮೊದಲು ಬಂದಿದ್ದು ವಾಸನೆ. ಮಳೆಗಾಲ ಮುಗಿದ ಮೇಲೆ ಅಟ್ಟದ ಬಾಗಿಲು ತೆಗೆದರೆ ಬರುತ್ತದಲ್ವಾ, ಅದೇ ಮುಗ್ಗಲು ವಾಸನೆ. ದೋಣಿಯೊಳಗೆ ಎಲೆ ಬಿದ್ದು ಕೊಳೆತು ಗೊಬ್ಬರವಾಗಿತ್ತು. ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಇಂಗ್ಲೆಂಡಿನ ಡರ್ಬಿ ಹತ್ತಿರದ ಒಂದು ಹಳ್ಳಿಯ ಹಿತ್ತಲಲ್ಲಿ ಅದು 9 ವರ್ಷ ಹಾಗೇ ಇತ್ತಂತೆ. ದೋಣಿಯ ಯಜಮಾನರ ಮಕ್ಕಳು ದೊಡ್ಡವರಾಗಿ ಊರು ಬಿಟ್ಟಿದ್ದಾರೆ, ಮುದುಕರಿಗೆ ಒಬ್ಬರೇ ಎತ್ತಲಿಕ್ಕೆ ಆಗುವುದಿಲ್ಲ. ದೋಣಿ, ಹಾಯಿ, ಎರಡು ಹುಟ್ಟು, ತಳ್ಳುಗಾಡಿ ಎಲ್ಲಾ ಸೇರಿ 60 ಪೌಂಡಿಗೆ ಕೊಟ್ಟರು. ಒಟ್ಟು ಖರ್ಚು 400 ಪೌಂಡ್ ದಾಟಬಾರದು ಅಂತ ಮನೆಯಲ್ಲಿ ಮೊದಲೇ ಮಾತಾಗಿತ್ತು.

ಇದು ಮಿರರ್ ಅನ್ನುವ ಜಾತಿಯ ದೋಣಿ. ಬರೀ 10 ಅಡಿ 10 ಇಂಚು ಉದ್ದ. 1960ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನಲ್ಲಿ ಹಾಯಿದೋಣಿ ಅಂದರೆ ದುಡ್ಡಿದ್ದವರ ಆಟ. ದೋಣಿಗಳ ನಕ್ಷೆ ಬರೆಯುತ್ತಿದ್ದ ಜ್ಯಾಕ್ ಹೋಲ್ಟ್, ಟಿವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದ ಬ್ಯಾರಿ ಬಕ್ನೆಲ್, ಇಬ್ಬರೂ ಸೇರಿ ಯಾರು ಬೇಕಾದರೂ ಮನೆಯಲ್ಲೇ ಕಟ್ಟಬಹುದಾದ ದೋಣಿ ಮಾಡಿದರು. ಡೈಲಿ ಮಿರರ್ ಪತ್ರಿಕೆ ಅದರ ಬೆನ್ನಿಗೆ ನಿಂತಿತು. 1963ರಲ್ಲಿ ಅದು ಜನರ ಕೈಗೆ ಬಂದಾಗ ಪೂರ್ತಿ ಕಿಟ್‌ನ ಬೆಲೆ 63 ಪೌಂಡ್ 11 ಶಿಲ್ಲಿಂಗ್. ಪತ್ರಿಕೆಯ ಬಣ್ಣ ಕೆಂಪು, ಹಾಗಾಗಿ ಹಾಯಿಯೂ ಕೆಂಪು. ಇಲ್ಲಿಯವರೆಗೆ 70,000ಕ್ಕೂ ಹೆಚ್ಚು ಮಿರರ್‌ಗಳು ಆಗಿವೆ.

ನನಗೆ ಇದರ ಮೇಲೆ ಮನಸ್ಸಾಗಿದ್ದು ಬೇರೆ ಕಾರಣಕ್ಕೆ. ಈ ದೋಣಿಯನ್ನು ಹೊಲಿಯುತ್ತಾರೆ. ಪ್ಲೈವುಡ್ ಹಲಗೆಗಳ ಅಂಚಿಗೆ ಸಣ್ಣ ತೂತು ಕೊರೆದು ತಾಮ್ರದ ತಂತಿಯಲ್ಲಿ ಒಂದಕ್ಕೊಂದು ಹೊಲಿದು, ಸಂದಿಯ ಮೇಲೆ ಗಾಜಿನ ನಾರಿನ ಪಟ್ಟಿ ಇಟ್ಟು ರೆಸಿನ್ ಅನ್ನುವ ಗಟ್ಟಿಯಾಗುವ ಅಂಟು ಹಚ್ಚಿದರೆ ಮುಗಿಯಿತು. ನಾನು ಗಂಗೊಳ್ಳಿಯವನು. ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲಿದು ದೋಣಿ ಮಾಡುವ ಕೆಲಸ ನಮ್ಮ ಕರಾವಳಿಗೆ ಹೊಸದಲ್ಲ, ದೋಣಿ ದಡಕ್ಕೆ ಎಳೆದು ಮೀನೆಣ್ಣೆ ಬಳಿಯುವ ವಾಸನೆಯಲ್ಲೇ ನಾವೆಲ್ಲ ಬೆಳೆದವರು. ಇಷ್ಟು ದೂರದ ಊರಿನಲ್ಲಿ ಹೊಲಿದ ದೋಣಿಯೊಂದು ಸಿಕ್ಕಿದಾಗ ಬಿಟ್ಟು ಬರಲಿಕ್ಕೆ ಆಗಲಿಲ್ಲ.

ಹಳೇ ದೋಣಿ ತಂದವರು ಮೊದಲ ವಾರವೇ ಬಣ್ಣ, ಬ್ರಷ್ ತರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಒಣಗಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ತಾಳ್ಮೆ ಬೇಕು. ಮಿರರ್‌ನ ಮುಂದೆ ಮತ್ತು ಪಕ್ಕಗಳಲ್ಲಿ ಮುಚ್ಚಿದ ಗಾಳಿಪೆಟ್ಟಿಗೆಗಳಿವೆ. ದೋಣಿ ಮಗುಚಿದರೂ ಮುಳುಗದೆ ಇರುವುದು ಅವುಗಳಿಂದಲೇ. ಆದರೆ ಅವುಗಳ ಮುಚ್ಚಳ ಹಾಕಿಯೇ ಚಳಿಗಾಲ ಕಳೆದರೆ ಒಳಗಿನ ತೇವ ಹೊರಗೆ ಹೋಗಲಿಕ್ಕೆ ದಾರಿಯೇ ಇರುವುದಿಲ್ಲ, ಮರ ಒಳಗಿನಿಂದ ಕೊಳೆಯುತ್ತದೆ, ಹೊರಗಿನ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ನಾನು ಎಲ್ಲಾ ಮುಚ್ಚಳ ತೆಗೆದು, ದೋಣಿಯನ್ನು ಗ್ಯಾರೇಜಿನಲ್ಲಿ ಬೋರಲು ಹಾಕಿ, ಒಂದು ಸಣ್ಣ ಫ್ಯಾನ್ ಇಟ್ಟೆ. ಎಷ್ಟು ಒಣಗಿತು ಅಂತ ತಿಳಿಯಲಿಕ್ಕೆ ಸ್ನಾನದ ಮನೆಯ ತೂಕದ ಯಂತ್ರವೇ ಸಾಕಾಯಿತು. ಮಿರರ್‌ನ ಒಡಲು ಹೊಸದಾಗಿದ್ದಾಗ ಸುಮಾರು 45 ಕಿಲೋ. ನಮ್ಮದು ಮನೆಗೆ ಬಂದ ದಿನ 62 ಕಿಲೋ ಇತ್ತು. ಆರು ವಾರ ಬಿಟ್ಟು ತೂಗಿದರೆ 51. ಹನ್ನೊಂದು ಕಿಲೋ ನೀರು! ಅದರ ಮೇಲೇ ಬಣ್ಣ ಹೊಡೆದಿದ್ದರೆ ಏನಾಗುತ್ತಿತ್ತು ಯೋಚಿಸಿ.

ಒಣಗಿದ ಮೇಲೆ ಸ್ಕ್ರೂಡ್ರೈವರ್ ಹಿಡಿಯನ್ನು ಸುತ್ತಿಗೆ ಮಾಡಿಕೊಂಡು ಇಂಚಿಂಚಾಗಿ ತಟ್ಟುತ್ತಾ ಹೋದೆ. ಗಟ್ಟಿ ಮರ ಟಕ್ ಅನ್ನುತ್ತದೆ. ಕೊಳೆತದ್ದು ಸುಮ್ನೆ ದಪ್ ಅನ್ನುತ್ತದೆ. ಹಿಂದಿನ ಹಲಗೆಯ ಎರಡೂ ಕೆಳಮೂಲೆ, ಎಡಪಕ್ಕದಲ್ಲಿ ಒಂದು ಅಂಗೈಯಗಲ, ಆಮೇಲೆ ಡ್ಯಾಗರ್‌ಬೋರ್ಡ್ ಅಂತ ನೀರಿಗೆ ಇಳಿಸುವ ಹಲಗೆ ಇದೆಯಲ್ಲ, ಅದು ಹಾದುಹೋಗುವ ಗೂಡಿನ ಬುಡ, ಇಷ್ಟು ಕಡೆ ಮರ ಸತ್ತಿತ್ತು. ಹಳೇ ಪಾಲಿಯೆಸ್ಟರ್ ರೆಸಿನ್ ಮರಕ್ಕೆ ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಬಿಸಿಗಾಳಿಯ ಗನ್ ಹಿಡಿದರೆ ಸಂದಿಯ ಪಟ್ಟಿ ಬಾಳೆಪಟ್ಟೆಯ ಹಾಗೆ ಸುಲಿದು ಬಂತು.

ತೇಪೆ ಹಾಕುವುದೇ ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಕೊಳೆತದ್ದನ್ನು ಕತ್ತರಿಸುವಾಗ ಕೈ ನಡುಗುತ್ತದೆ, ಚೆನ್ನಾಗಿರುವ ಮರ ಸಿಗುವವರೆಗೂ ಹೋಗಬೇಕು, ಅರ್ಧ ಕೊಳೆತದ್ದನ್ನು ಇರಲಿ ಅಂತ ಬಿಟ್ಟರೆ ಎರಡೇ ವರ್ಷದಲ್ಲಿ ಮತ್ತೆ ಅದೇ ಕೆಲಸ. ಪ್ಲೈವುಡ್ 5 ಮಿಲಿಮೀಟರ್ ದಪ್ಪ. ತೂತಿನ ಅಂಚನ್ನೂ ತೇಪೆಯ ಅಂಚನ್ನೂ ದಪ್ಪದ ಎಂಟರಷ್ಟು ಅಗಲಕ್ಕೆ, ಅಂದರೆ 40 ಮಿಲಿಮೀಟರ್ ಉದ್ದಕ್ಕೆ, ಇಳಿಜಾರಾಗಿ ಉಜ್ಜಬೇಕು. ಆಗ ಎರಡು ಮರ ಒಂದರ ಮೇಲೊಂದು ಕೂತು ಒಂದೇ ಹಲಗೆಯಾಗುತ್ತದೆ. ಉಜ್ಜುವಾಗ ಪ್ಲೈವುಡ್ಡಿನ ಪದರಗಳು ಗೆರೆಗೆರೆಯಾಗಿ ಕಾಣುತ್ತವೆ. ಗೆರೆಗಳು ನೇರವಾಗಿದ್ದರೆ ಇಳಿಜಾರು ಸರಿಯಾಗಿದೆ ಅಂತ ಅರ್ಥ. ಮೊದಲ ತೇಪೆಗೆ ಎರಡು ಭಾನುವಾರ ಹಿಡಿಯಿತು. ಮೂರನೆಯದು ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಅಂಟಿಗೆ ಎಪಾಕ್ಸಿ. ಇದರಲ್ಲಿ ಮಾತ್ರ ಉಳಿಸಲು ಹೋಗಬೇಡಿ. ನಾನು 75 ಪೌಂಡ್ ಕೊಟ್ಟೆ, ಇಡೀ ದೋಣಿಗಿಂತ ಜಾಸ್ತಿ. ಮಾರ್ಚ್ ತಿಂಗಳ ಡರ್ಬಿಯಲ್ಲಿ ಗ್ಯಾರೇಜು 6 ಡಿಗ್ರಿ ಇರುತ್ತಿತ್ತು. 10 ಡಿಗ್ರಿಗಿಂತ ಕೆಳಗೆ ಹೋದರೆ ಸಾಮಾನ್ಯ ಎಪಾಕ್ಸಿ ಗಟ್ಟಿಯಾಗುವುದೇ ಕಷ್ಟ. ಹಾಗಾಗಿ ತೇಪೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿಸಿನೀರಿನ ಚೀಲ ಇಟ್ಟು, ಹಳೇ ರಜಾಯಿ ಹೊದಿಸಿದೆ. ರಾತ್ರಿ ಎರಡು ಸಲ ಎದ್ದು ನೀರು ಬದಲಾಯಿಸಿದೆ. ಜ್ವರ ಬಂದ ಮಗುವಿನ ಹತ್ತಿರ ಕೂತ ಹಾಗಿತ್ತು. ಬೆಳಿಗ್ಗೆ ಉಗುರಿನಿಂದ ಒತ್ತಿ ನೋಡಿದರೆ ಕಲ್ಲಿನ ಹಾಗೆ ಆಗಿತ್ತು. ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದ ಹಾಗೆ ಒಂದು ಜಿಡ್ಡು ಕೂರುತ್ತದೆ. ಅದನ್ನು ನೀರಿನಲ್ಲಿ ತಿಕ್ಕಿ ತೊಳೆದೇ ಮರಳುಕಾಗದ ಹಿಡಿಯಬೇಕು, ಇಲ್ಲದಿದ್ದರೆ ಬಣ್ಣ ನಿಲ್ಲುವುದಿಲ್ಲ. ಕೈಗವಸು, ಮಾಸ್ಕ್ ಇಲ್ಲದೆ ಇದನ್ನೆಲ್ಲ ಮುಟ್ಟಲೇಬೇಡಿ. ಒಮ್ಮೆ ಎಪಾಕ್ಸಿಯ ಅಲರ್ಜಿ ಶುರುವಾದರೆ ಅದು ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ.

ಬಣ್ಣಕ್ಕೆ 62 ಪೌಂಡ್. ತಳಕ್ಕೆ ಪಾಚಿ ಹಿಡಿಯದ ದುಬಾರಿ ಬಣ್ಣ ಬೇಕಾಗಲಿಲ್ಲ. ಇದು ಪ್ರತಿ ಸಲ ದಡಕ್ಕೆ ಎಳೆದು ಒಣಗಿಸುವ ದೋಣಿ, ನೀರಿನಲ್ಲೇ ವಾಸ ಮಾಡುವಂಥದ್ದಲ್ಲ. ಕೂವೆಮರವನ್ನು, ಅಂದರೆ ಹಾಯಿ ಕಟ್ಟುವ ಕಂಬವನ್ನು, ಹಿಡಿದಿಡುವ ಉಕ್ಕಿನ ತಂತಿಗಳಲ್ಲಿ ಎರಡು ಎಳೆ ಹರಿದಿದ್ದವು, ಅವನ್ನು ಹೊಸದೇ ತಂದೆ. ಗಾಳಿಯಲ್ಲಿ ಕೂವೆಮರ ತಲೆಯ ಮೇಲೆ ಬೀಳುವುದಕ್ಕಿಂತ 48 ಪೌಂಡ್ ದೊಡ್ಡದಲ್ಲ.

ಹಾಯಿ ಮಾತ್ರ ಹಳೆಯದೇ. ಕೆಂಪು ಮಾಸಿ ಈಗ ಹಳೇ ಇಟ್ಟಿಗೆಯ ಬಣ್ಣ. ಹೊಸ ಹಾಯಿಯ ಬೆಲೆಯಲ್ಲಿ ಇಂಥ ಎರಡು ಮೂರು ದೋಣಿ ಬರುತ್ತವೆ. ಬಟ್ಟೆ ಗಟ್ಟಿಯಾಗಿಯೇ ಇತ್ತು, ಹೊಲಿಗೆಯ ದಾರ ಬಿಸಿಲಿಗೆ ಸತ್ತಿತ್ತು ಅಷ್ಟೇ. ಬಾತ್‌ಟಬ್ಬಿನಲ್ಲಿ ತಣ್ಣೀರು, ಸ್ವಲ್ಪ ಸೋಪು ಹಾಕಿ ನೆನೆಸಿ ತೊಳೆದೆವು. ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರ ತಂದು ಹೆಂಡತಿ ತನ್ನ ಹೊಲಿಗೆ ಯಂತ್ರದಲ್ಲಿ ಹಳೇ ತೂತುಗಳ ಪಕ್ಕದಲ್ಲೇ ಅಂಕುಡೊಂಕು ಹೊಲಿಗೆ ಹಾಕಿದಳು. ಅಷ್ಟುದ್ದದ ಬಟ್ಟೆಯನ್ನು ಸುರುಳಿ ಸುತ್ತಿ ಯಂತ್ರದ ಕೆಳಗೆ ತೂರಿಸುತ್ತಾ ನಾನು ಎದುರಿಗೆ ಕೂತಿದ್ದೆ. ಮಗಳು ಪಿನ್ನು ಎತ್ತಿಕೊಡುತ್ತಿದ್ದಳು. ಆ ಶನಿವಾರ ನಮ್ಮ ಊಟದ ಕೋಣೆ ಪೂರ್ತಿ ಕೆಂಪಾಗಿತ್ತು.

ಎಲ್ಲಾ ಸೇರಿ 394 ಪೌಂಡ್. ಹಿಡಿದ ಕಾಲ ಏಳು ತಿಂಗಳು.

ಮೇ ಕೊನೆಯಲ್ಲಿ ಕಾರ್ಸಿಂಗ್ಟನ್ ವಾಟರ್ ಜಲಾಶಯಕ್ಕೆ ಕೊಂಡುಹೋದೆವು. ಮಿರರ್‌ನ ಕೂವೆಮರ ಗಿಡ್ಡ. ಮೇಲಿನ ಭಾಗ ಬೇರೆ ಕೋಲಾಗಿ ಹಾಯಿಯ ಜೊತೆ ಮೇಲೇರುತ್ತದೆ, ಹಾಗಾಗಿ ಎಲ್ಲಾ ಕೋಲುಗಳೂ ದೋಣಿಯೊಳಗೇ ಮಲಗುತ್ತವೆ. ಕಾರಿನ ಮೇಲೆ ಕಟ್ಟಲಿಕ್ಕೂ ತೊಂದರೆ ಆಗಲಿಲ್ಲ. ನೀರಿಗೆ ಇಳಿಸುವ ಮುಂಚೆ ಮಗಳು ಮನೆಯಿಂದ ತಂದ ಒಂದು ಸಣ್ಣ ತೆಂಗಿನಕಾಯಿಯನ್ನು ದಡದ ಕಲ್ಲಿಗೆ ಒಡೆದಳು. ಗಾಳಿ ಮೆಲ್ಲಗೆ ಇತ್ತು. ಹಾಯಿ ತುಂಬಿಕೊಂಡಾಗ ದೋಣಿ ಒಂದು ಕ್ಷಣ ವಾಲಿ, ಆಮೇಲೆ ತಾನೇ ಮುಂದೆ ಹೊರಟಿತು. ತಳದಲ್ಲಿ ನೀರು ಚುಳುಚುಳು ಅನ್ನುವುದು ಕೇಳುತ್ತಿತ್ತು. ನಾವು ಮೂವರೂ ತುಂಬಾ ಹೊತ್ತು ಮಾತಾಡಲಿಲ್ಲ.

ದಡಕ್ಕೆ ಬಂದು ಗಾಳಿಪೆಟ್ಟಿಗೆಗಳ ಮುಚ್ಚಳ ತೆಗೆದು ಒಳಗೆ ಕೈ ಹಾಕಿದೆ. ಬಲಗಡೆ, ಮುಂದೆ, ಎರಡೂ ಒಣ. ಎಡಗಡೆ ಎರಡು ಚಮಚದಷ್ಟು ನೀರಿತ್ತು. ತೇಪೆಯಿಂದ ಅಲ್ಲ, ಹುಟ್ಟು ಕೂರಿಸುವ ಕೊಂಡಿಯ ಬೋಲ್ಟಿನ ತೂತಿನಿಂದ. ಬರುವ ಶನಿವಾರ ಅದನ್ನು ಬಿಚ್ಚಿ ಮತ್ತೆ ಕೂರಿಸಬೇಕು. ಅಲ್ಲಿಯವರೆಗೂ ಮುಚ್ಚಳ ತೆರೆದೇ ಇರುತ್ತದೆ.