ಕೊಡೆ ಮಾಷ್ಟ್ರು ಮತ್ತು ಒಣ ಬೊಂಬಿಲು

ಕೊಡೆ ಮಾಷ್ಟ್ರು ತೀರಿಕೊಂಡ ಸುದ್ದಿ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂದಾಗ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಬರೆಯಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಸಂಚಿಕೆಯ ಸಂಪಾದಕರು ಕೊನೆಗೆ ನನ್ನನ್ನೇ ಹಿಡಿದರು. ಬ್ಯಾಂಕ್ ಮ್ಯಾನೇಜರನಾಗಿ ನಿವೃತ್ತನಾದವನು, ಸಂಘದ ವೇದಿಕೆಯಲ್ಲಿ ನಾಲ್ಕು ಮಾತಾಡಬಲ್ಲವನು ಎಂಬ ಲೆಕ್ಕ ಇರಬೇಕು. ತಪ್ಪು ಲೆಕ್ಕವೇನಲ್ಲ.

ಮುಂಬಯಿ ಕೋಟೆ ಪ್ರದೇಶದ ನಮ್ಮ ಕನ್ನಡ ರಾತ್ರಿ ಶಾಲೆಯ ಪಠ್ಯದ ಒಂದು ಪುಟವೂ ಈಗ ನೆನಪಿಲ್ಲ. ಬೀಜಗಣಿತ ಹೋಯಿತು, ವ್ಯಾಕರಣ ಹೋಯಿತು. ಉಳಿದದ್ದು ಎರಡು ತರಗತಿಗಳ ನಡುವಿನ ಹಲಗೆಯ ಅಡ್ಡಗೋಡೆ ಮತ್ತು ಅದರ ಆಚೆಗೊಬ್ಬರು, ಈಚೆಗೊಬ್ಬರು ಮಾಷ್ಟ್ರು. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆದು, ಟೇಬಲ್ ಒರೆಸಿ, ಏಳು ಗಂಟೆಗೆ ತಲೆ ಬಾಚಿಕೊಂಡು ಬರುವ ಹುಡುಗರೇ ಅಲ್ಲಿ ಹೆಚ್ಚು. ನಾನು ಮಾತ್ರ ಸಸೂನ್ ಡಾಕಿನಲ್ಲಿ ಮಾವನ ಜೊತೆ ಮೀನಿನ ಬುಟ್ಟಿಗಳ ಲೆಕ್ಕ ಬರೆಯುತ್ತಿದ್ದವನು. ಎಷ್ಟು ಸಾಬೂನು ಉಜ್ಜಿದರೂ ನಾನು ಬರುವ ಮೊದಲೇ ನನ್ನ ವಾಸನೆ ತರಗತಿಗೆ ಬಂದು ಕೂತಿರುತ್ತಿತ್ತು. ಹೋಟೆಲ್ ಹುಡುಗರು ಮೂಗು ಮುಚ್ಚಿಕೊಂಡು ನಗುತ್ತಿದ್ದರು.

ಇತಿಹಾಸದ ಮಾಷ್ಟ್ರು ಉಡುಪಿ ಕಡೆಯ ವೈದಿಕ ಮನೆತನದವರು. ಹಗಲು ಎಲ್ಲೋ ಗುಮಾಸ್ತೆ, ರಾತ್ರಿ ನಮಗೆ ಮಾಷ್ಟ್ರು. ಸುಡುವ ಮೇ ತಿಂಗಳಲ್ಲೂ ಕೈಯಲ್ಲಿ ಕೊಡೆ. ಪರೀಕ್ಷೆಗೆ ಬರುವ ಪಾಠವನ್ನು ಹತ್ತು ನಿಮಿಷದಲ್ಲಿ ಮುಗಿಸಿ, ಬಾರದ್ದನ್ನು ಗಂಟೆಗಟ್ಟಲೆ ಹೇಳುವುದು ಅವರ ಪದ್ಧತಿ. ಹಾಗೆ ಬಂದದ್ದೇ ಸಹಿಷ್ಣುತೆಯ ಕತೆ. ಫ್ರಾನ್ಸಿನಲ್ಲಿ ವರ್ಷಗಟ್ಟಲೆ ಧರ್ಮದ ಹೆಸರಿನಲ್ಲಿ ಕೊಲೆ ನಡೆದ ಮೇಲೆ 1598ರಲ್ಲಿ ನಾಲ್ಕನೆಯ ಹೆನ್ರಿ ನಾಂಟ್ ಎಂಬ ಊರಿನಲ್ಲಿ ಪ್ರೊಟೆಸ್ಟಂಟರಿಗೆ ಅವರ ಪಾಡಿಗೆ ಬದುಕುವ ಅಪ್ಪಣೆ ಕೊಟ್ಟ. 1685ರಲ್ಲಿ ಹದಿನಾಲ್ಕನೆಯ ಲೂಯಿ ಅದನ್ನು ಹರಿದುಹಾಕಿದ. "ಅಜ್ಜ ಕೊಟ್ಟದ್ದನ್ನು ಮೊಮ್ಮಗ ಕಿತ್ತುಕೊಂಡ. ದೊರೆ ದಯಪಾಲಿಸಿದ್ದರ ಹಣೆಬರಹವೇ ಅಷ್ಟು ಮಾರಾಯ," ಎನ್ನುತ್ತಿದ್ದರು. ಆಮೇಲೆ ಹಾಲೆಂಡಿನಲ್ಲಿ ತಲೆಮರೆಸಿಕೊಂಡಿದ್ದಾಗ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಸಹಿಷ್ಣುತೆಯ ಬಗ್ಗೆ ಬರೆದ ಪತ್ರ. ಅಚ್ಚಾದದ್ದು 1689ರಲ್ಲಿ. ಸರಕಾರದ ಕೆಲಸ ಜನರ ಪ್ರಾಣ, ಆಸ್ತಿ ಕಾಯುವುದು. ಆತ್ಮದ ಉಸಾಬರಿ ಅದಕ್ಕೆ ಬೇಡ. ಬೆತ್ತ ತೋರಿಸಿ ಕೈಮುಗಿಸಬಹುದು, ನಂಬಿಸಲಾಗದು. ಇಷ್ಟು ಹೇಳಿದ ಲಾಕ್ ಕೂಡ ದೇವರೇ ಇಲ್ಲ ಎನ್ನುವವರನ್ನು ಹೊರಗಿಟ್ಟ. ಅಂಥವರ ಪ್ರಮಾಣವಚನವನ್ನು ನಂಬಲಾಗದು ಎಂಬುದು ಅವನ ವಾದ.

ಅಡ್ಡಗೋಡೆಯ ಆಚೆಯಿಂದ ಕನ್ನಡ ಪಂಡಿತರ ಕಂಚಿನ ಕಂಠ: "ಒಂಬತ್ತನೆಯ ಶತಮಾನದಲ್ಲೇ ನಮ್ಮ ಕವಿರಾಜಮಾರ್ಗ ಹೇಳಿತ್ತು, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ಬಂಗಾರ ಅಂತ. ನಿಮ್ಮ ಲಾಕ್ ಆಗ ಎಲ್ಲಿದ್ದ?"

"ಹೇಳಿದ್ದು ಸರಿ ಪಂಡಿತರೇ, ನಡೆದದ್ದು ಹೇಳಿ!"

"1368, ಶ್ರವಣಬೆಳಗೊಳ! ಜೈನರಿಗೂ ವೈಷ್ಣವರಿಗೂ ಜಗಳ ಬಂದಾಗ ಬುಕ್ಕರಾಯ ಇಬ್ಬರ ಕೈಯನ್ನೂ ಕೂಡಿಸಿ, ಭೇದವಿಲ್ಲ ಎಂದು ಶಾಸನ ಹಾಕಿಸಿದ."

"ಬೆಳಗೊಳಕ್ಕೆ ಇಪ್ಪತ್ತು ಕಾವಲಿನವರನ್ನೂ ಇಡಿಸಿದ. ಆ ಖರ್ಚಿಗೆ ಮನೆಗೊಂದು ಹಣದಂತೆ ಎತ್ತಿದ್ದು ಯಾರಿಂದ? ಜೈನರಿಂದಲೇ!"

ಎರಡೂ ತರಗತಿಗಳಲ್ಲಿ ಚಪ್ಪಾಳೆ. ಆ ಜಗಳ ಕೇಳಲಿಕ್ಕೆಂದೇ ನಾವು ನಿದ್ದೆಗಣ್ಣಿನಲ್ಲೂ ಶಾಲೆ ತಪ್ಪಿಸುತ್ತಿರಲಿಲ್ಲ.

ಇಷ್ಟೆಲ್ಲ ಹೇಳುವ ಮನುಷ್ಯನನ್ನು ಒಮ್ಮೆ ಪರೀಕ್ಷಿಸಬೇಕೆಂದು ನನಗೂ ಇಬ್ಬರು ಗೆಳೆಯರಿಗೂ ಆಸೆಯಾಯಿತು. ಜುಲೈ ತಿಂಗಳ ಮಳೆ. ಮೂಲೆಯಲ್ಲಿದ್ದ ಕೊಡೆಯೊಳಗೆ ಒಂದು ಮುಷ್ಟಿ ಒಣ ಬೊಂಬಿಲು ಮೀನು ಸೇರಿಸಿದೆವು. ಶಾಲೆ ಬಿಟ್ಟಿತು, ಮಾಷ್ಟ್ರು ಮೆಟ್ಟಿಲಿಳಿದು ಕೊಡೆ ಬಿಡಿಸಿದರು. ಬೋಳುತಲೆಯ ಮೇಲೆ, ಹೆಗಲ ಮೇಲೆ, ಜೇಬಿನೊಳಗೆ ಬೊಂಬಿಲು! ಮುಖ ಹುಳ್ಳಗಾಗಿ, ಗೋಡೆ ಹಿಡಿದು ಓಕರಿಸಿದರು. ನಗಬೇಕೆಂದಿದ್ದ ನಮಗೆ ನಗು ಬರಲಿಲ್ಲ. ಅವರು ಏನೂ ಹೇಳದೆ ಕೊಡೆ ಮಡಚಿ, ನೆನೆಯುತ್ತಲೇ ವಿ.ಟಿ. ಸ್ಟೇಶನ್ನಿನ ಕಡೆ ಹೋದರು.

ಮರುದಿನ ಹೋಟೆಲ್ ಹುಡುಗರೆಲ್ಲ ಒಂದಾಗಿ ನನ್ನನ್ನು ಹಿಂದಿನ ಬೆಂಚಿಗೆ ಕಳಿಸಬೇಕೆಂದು ದೂರು ಕೊಟ್ಟರು. ಕೊಡೆಯ ವಿಷಯಕ್ಕಲ್ಲ, ವಾಸನೆಗೆ. ಮಾಷ್ಟ್ರು ನನ್ನನ್ನು ಕರೆದು ತಮ್ಮ ಮೇಜಿನ ಎದುರಿನ ಬೆಂಚಿನಲ್ಲಿ ಕೂರಿಸಿದರು. "ಈ ವಾಸನೆ ನನಗೆ ಆಗುವುದಿಲ್ಲ, ಹೊಟ್ಟೆ ತೊಳಸುತ್ತದೆ. ಆಗುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ಆಗದಿದ್ದರೂ ನೀನು ಇಲ್ಲೇ ಕೂರಬೇಕು. ಆಗುವವರ ಜೊತೆ ಕೂರುವುದಕ್ಕೆ ಲಾಕ್ ಯಾಕೆ ಬೇಕು, ಬುಕ್ಕರಾಯ ಯಾಕೆ ಬೇಕು?" ಎಂದು ತರಗತಿಯ ಕಡೆ ತಿರುಗಿದರು. ಆ ಬೆಂಚಿನಿಂದಲೇ ನಾನು ಮೆಟ್ರಿಕ್ ಪಾಸಾದೆ, ಅದೂ ಶಾಲೆಗೆ ಮೊದಲಿಗನಾಗಿ. ಈ ವಿಷಯ ಹಿಂದಿನ ಸಂಚಿಕೆಗಳಲ್ಲಿ ಯಾಕೋ ಬಿಟ್ಟುಹೋಗಿದೆ.

ಮೊಮ್ಮಗನ ಶಾಲೆಯಲ್ಲಿ ನವೆಂಬರ್ 16ರಂದು ಸಹಿಷ್ಣುತಾ ದಿನ ಮಾಡುತ್ತಾರೆ. ಯುನೆಸ್ಕೋ 1995ರಲ್ಲಿ ಘೋಷಣೆ ಹೊರಡಿಸಿದ ದಿನವದು. ಒಬ್ಬ ಪಾದ್ರಿಯ ವೇಷ, ಒಬ್ಬ ಮೌಲ್ವಿಯ ವೇಷ, ಒಬ್ಬ ಸ್ವಾಮೀಜಿ. ಒಂದು ಹಾಡು, ಫೋಟೋ. ಮಕ್ಕಳು ಮುದ್ದಾಗಿಯೇ ಕಾಣುತ್ತಾರೆ, ನಾನೂ ಚಪ್ಪಾಳೆ ತಟ್ಟುತ್ತೇನೆ. ಆದರೆ ಅದೇ ಶಾಲೆಯಲ್ಲಿ ಡಬ್ಬಿಗೆ ಮೀನು, ಮೊಟ್ಟೆ ಹಾಕಬೇಡಿ ಎಂದು ಪೋಷಕರಿಗೆ ಚೀಟಿ ಬರುತ್ತದೆ. ಓಕರಿಕೆ ಬರುವ ಸಂದರ್ಭವನ್ನೇ ತಪ್ಪಿಸಿಬಿಟ್ಟರೆ ಸಹಿಸುವುದನ್ನು ಕಲಿಯುವುದು ಯಾವಾಗ?

ಹಾಗೆಂದು ಮಾಷ್ಟ್ರನ್ನು ದೇವರು ಮಾಡಲು ನಾನು ಸಿದ್ಧನಿಲ್ಲ. ನನ್ನ ಮದುವೆಗೆ ಬಂದು, ಮೀನಿನ ಊಟದ ಪಂಕ್ತಿಯಲ್ಲೇ ಕುರ್ಚಿ ಹಾಕಿಸಿಕೊಂಡು ಎಲ್ಲರನ್ನೂ ಮಾತಾಡಿಸಿದರು. ತಿಂದದ್ದು ಒಂದು ಬಾಳೆಹಣ್ಣು, ಕುಡಿದದ್ದು ಅಂಗಡಿಯ ಸೋಡಾ. ನಮ್ಮ ಮನೆಗೆ ಎಷ್ಟು ಸಲ ಬಂದರೂ ಒಂದು ಲೋಟ ನೀರು ಮುಟ್ಟಲಿಲ್ಲ. ನನ್ನ ಹೆಂಡತಿಗೆ ಅದು ಕೊನೆಯವರೆಗೂ ನೋವು. ಡೊಂಬಿವಲಿಯ ಅವರ ಮನೆಯಲ್ಲಿ ಕಳೆದ ವರ್ಷ ಕೇಳಿಯೇಬಿಟ್ಟೆ: "ಸರ್, ಬೆಂಚಿಗೆ ಕೂರಿಸಿದಿರಿ. ನೀರು ಯಾಕೆ ಕುಡಿಯಲಿಲ್ಲ? ಅದು ವಾಸನೆಯಲ್ಲವಲ್ಲ."

ಅವರು ಬಹಳ ಹೊತ್ತು ಕೊಡೆಯ ಹಿಡಿಯನ್ನು ಸವರಿದರು. "ಲಾಕ್‌ಗೂ ಒಂದು ಗೆರೆ ಇತ್ತಲ್ಲ ಮಾರಾಯ. ನನ್ನದು ಅಡಿಗೆಮನೆಯ ಬಾಗಿಲಲ್ಲಿತ್ತು."

"ಲಾಕ್ ಹೇಳಿದ್ದು ತಪ್ಪು ಅಂತ ನೀವೇ ಕಲಿಸಿದ್ದು. ನಿಮ್ಮದೂ ತಪ್ಪೇ ಸರ್."

"ತಪ್ಪಿರಬಹುದು. ನಿಂತುಕೊಂಡು ಯಾಕೆ ಹೇಳುತ್ತಿ? ಕೂತು ಹೇಳು," ಎಂದು ಕುರ್ಚಿ ತೋರಿಸಿದರು. ಕೂತೆ. ಕತ್ತಲಾಗುವವರೆಗೂ ಜಗಳವಾಡಿದೆವು.