100 ಕಿಲೋ ಕಲ್ಲಿಗೆ ಎಷ್ಟು ಸುಣ್ಣ?

ಪಿಯುಸಿಯಲ್ಲಿ ನಮ್ಮ ಬ್ಯಾಚಿನವರು ಜಾಸ್ತಿ ಹೆದರುತ್ತಿದ್ದದ್ದು ಮೋಲ್ ಲೆಕ್ಕಕ್ಕೆ, ಅಂದರೆ ಅಣುಗಳ ಎಣಿಕೆಯಿಂದ ತೂಕ ಹುಡುಕುವ ಲೆಕ್ಕಕ್ಕೆ. ಕೆಮಿಸ್ಟ್ರಿ ಸರ್ ಅದನ್ನು ಸುಣ್ಣದ ಭಟ್ಟಿಯಿಂದ ಶುರು ಮಾಡಿದರು. ಬಾಗಲಕೋಟೆ ಕಡೆಯವರಿಗೆ ಸುಣ್ಣದ ಕಲ್ಲು ಹೊಸದೇನಲ್ಲ, ಅಲ್ವಾ?

"100 ಕಿಲೋ ಕಲ್ಲು ಸುಟ್ಟರ ಎಷ್ಟು ಸುಣ್ಣ ಬರ್ತದ?" ಅಂತ ಕೇಳಿದರು. "100 ಕಿಲೋನ ಸರ್" ಅಂತ ಹಿಂದಿನ ಬೆಂಚಿನಿಂದ ಉತ್ತರ ಬಂತು. "ಹಂಗಾದ್ರ ಹೊರಗ ಹೋದ ಗಾಳಿಗೆ ತೂಕ ಇಲ್ಲೇನು?" ಎಂದು ಬೋರ್ಡಿಗೆ ತಿರುಗಿದರು.

ಸುಣ್ಣದ ಕಲ್ಲು ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದರೊಳಗಿನ ಪರಮಾಣುಗಳ ತೂಕ ಹೀಗೆ: ಕ್ಯಾಲ್ಸಿಯಂ 40, ಕಾರ್ಬನ್ 12, ಆಕ್ಸಿಜನ್ 16ರಂತೆ ಮೂರು. ಕೂಡಿದರೆ 100. ಅದರಲ್ಲಿ 44 ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ, 56 ಸುಣ್ಣವಾಗಿ ಉಳಿಯುತ್ತದೆ. ಮಣ್ಣು ಗಿಣ್ಣು ಸೇರಿ ಕಲ್ಲು ನೂರಕ್ಕೆ 90 ಭಾಗ ಮಾತ್ರ ಶುದ್ಧವಿದ್ದರೆ ಸಿಗುವ ಸುಣ್ಣ 50.4 ಕಿಲೋ. ಸರ್ ಅಷ್ಟಕ್ಕೇ ಬಿಡಲಿಲ್ಲ. 56 ಕಿಲೋ ಸುಟ್ಟ ಸುಣ್ಣ ಅರಳಲು 18 ಕಿಲೋ ನೀರು ಹಿಡಿಯುತ್ತದೆ, ಒಟ್ಟು 74. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಆ 44ನ್ನು ನಿಧಾನವಾಗಿ ವಾಪಸ್ ಎಳೆದುಕೊಂಡು, 18 ನೀರು ಬಿಟ್ಟುಕೊಟ್ಟು, ಮತ್ತೆ 100 ಕಿಲೋ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಆ ಕ್ಲಾಸಿನಲ್ಲಿ ನನಗೆ ಕೆಮಿಸ್ಟ್ರಿ ಹಿಡಿಸಿತು.

ಸಮೀಕರಣದಲ್ಲಿ ಪ್ರತಿ ವಸ್ತುವಿನ ಮುಂದಿರುವ ಅಂಕಿ ಬರೀ ಅಣುಗಳ ತಲೆ ಎಣಿಕೆ, ತೂಕವಲ್ಲ ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಎರಡು ಹೈಡ್ರೋಜನ್ ಅಣುವಿಗೆ (ಒಂದೊಂದರಲ್ಲೂ ಎರಡು ಪರಮಾಣು, ತೂಕ 2) ಒಂದು ಆಕ್ಸಿಜನ್ ಅಣು (ತೂಕ 32) ಎಂದರೆ 4 ಗ್ರಾಂಗೆ 32 ಗ್ರಾಂ, ಬರುವ ನೀರು 36. ಹೈಡ್ರೋಜನ್ 10 ಗ್ರಾಂ ಇಟ್ಟು ಆಕ್ಸಿಜನ್ 32 ಗ್ರಾಮೇ ಕೊಟ್ಟರೆ? ನೀರು ಅಷ್ಟೇ, 6 ಗ್ರಾಂ ಹೈಡ್ರೋಜನ್ ಸುಮ್ನೆ ಉಳಿಯುತ್ತದೆ. "ಮೊದಲು ಯಾವುದು ಮುಗೀತದ, ಅದನ್ನ ಹುಡುಕ್ರಿ" ಅನ್ನುತ್ತಿದ್ದರು. ಫಾರ್ಮುಲಾ ಬಾಯಿಪಾಠ ಮಾಡಿಸಲೇ ಇಲ್ಲ. ಸಿಇಟಿ ಗೈಡುಗಳ ಶಾರ್ಟ್‌ಕಟ್‌ಗಿಂತ ಇದೇ ವಾಸಿ ಅಂತ ಈಗಲೂ ನನ್ನ ವಾದ.

ಈಗ ನಾನು ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ಕಲ್ಲಿನ ಪುಡಿಯನ್ನು ಕ್ರೂಸಿಬಲ್ ಎಂಬ, ಬೆಂಕಿ ತಡೆಯುವ ಪುಟ್ಟ ಬಟ್ಟಲಿನಲ್ಲಿ ಚೆನ್ನಾಗಿ ಕಾಯಿಸಿ, ಎಷ್ಟು ತೂಕ ಇಳಿಯಿತು ಎಂದು ನೋಡುತ್ತೇವೆ. ಶುದ್ಧ ಕಲ್ಲಾದರೆ ಹತ್ತಿರ ಹತ್ತಿರ ಶೇ. 44 ಇಳಿಯಬೇಕು. ಕಡಿಮೆ ಇಳಿದರೆ ಸಾಮಾನ್ಯವಾಗಿ ಮರಳೋ ಜೇಡಿಯೋ ಬೆರೆತಿದೆ ಎಂದರ್ಥ. ಸಿಮೆಂಟಿನಿಂದ ಹವೆ ಕೆಡುತ್ತದೆ ಎಂಬ ಚರ್ಚೆಯಲ್ಲಿ ಎಲ್ಲರೂ ಗೂಡು ಕಾಯಿಸುವ ಕಲ್ಲಿದ್ದಲನ್ನೇ ಬೈಯುತ್ತಾರೆ. ಅದೂ ನಿಜವೇ. ಆದರೆ ಗೂಡನ್ನು ಯಾವುದರಿಂದ ಕಾಯಿಸಿದರೂ ಈ 44 ಭಾಗ ಕಾರ್ಬನ್ ಡೈಆಕ್ಸೈಡ್ ಮಾತ್ರ ಕಲ್ಲಿನೊಳಗಿನಿಂದಲೇ ಬರುತ್ತದೆ.