ಗಡಿಯಾರದ ಮುಚ್ಚಳ ತೊಳೆದ ದಿನ

ಅಡುಗೆಮನೆ ಗಡಿಯಾರದ ಮುಚ್ಚಳ ಗಾಜಿನದಲ್ಲ, ಪ್ಲಾಸ್ಟಿಕ್ಕಿನದು ಅಂತ ನನಗೆ ಗೊತ್ತಾಗಿದ್ದು ಅದನ್ನು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಿಂದ ತಿಕ್ಕಿದ ಮೇಲೆ. ಅಮ್ಮ ಹೊರಗೆ ಹೋಗಿದ್ದಳು. ಬರುವಷ್ಟರಲ್ಲಿ ಜಿಡ್ಡು ತೆಗೆದು ಭೇಷ್ ಅನ್ನಿಸಿಕೊಳ್ಳೋಣ ಅಂತ ಮುಚ್ಚಳ ಬಿಚ್ಚಿ ಸಿಂಕಿಗೆ ಹಾಕಿದ್ದೆ. ಜಿಡ್ಡೇನೋ ಹೋಯಿತು. ಒರೆಸಿ ಬೆಳಕಿಗೆ ಹಿಡಿದರೆ ಮೈತುಂಬಾ ಜೇಡರ ಬಲೆಯಂಥ ಗೀರುಗಳು.

ಗಾಬರಿಯಲ್ಲಿ ಮತ್ತೆ ನಲ್ಲಿ ಕೆಳಗೆ ಹಿಡಿದೆ. ಗೀರೆಲ್ಲ ಮಾಯ! ಬದುಕಿದೆ ಅಂದುಕೊಂಡೆ. ನೀರು ಆರಿತು, ಎಲ್ಲವೂ ವಾಪಸ್ ಹಾಜರು.

ಆದರೆ ಅದರಿಂದಲೇ ದಾರಿ ಹೊಳೆಯಿತು. ಗೀರು ಬೆಳ್ಳಗೆ ಕಾಣುವುದು ಅದರ ಒರಟು ಅಂಚಿಗೆ ತಾಗಿದ ಬೆಳಕು ಚದುರಿ ಹೋಗುವುದರಿಂದ. ಸಂದಿಯಲ್ಲಿ ನೀರು ತುಂಬಿಕೊಂಡರೆ ಬೆಳಕು ಅಷ್ಟಾಗಿ ಚದುರಲ್ಲ. ಬೆಳಕನ್ನು ಬಾಗಿಸುವ ಲೆಕ್ಕದಲ್ಲಿ ಗಾಳಿ 1, ನೀರು 1.33, ಅಕ್ರಿಲಿಕ್ ಪ್ಲಾಸ್ಟಿಕ್ ಸುಮಾರು 1.49. ಗಾಳಿಗಿಂತ ನೀರೇ ಪ್ಲಾಸ್ಟಿಕ್ಕಿಗೆ ಹತ್ತಿರದ ನೆಂಟ. ಅಂದರೆ ಆ ಅಂಚುಗಳನ್ನು ಸವೆಸಿ ನಯ ಮಾಡಿದರೆ ನೀರಿಲ್ಲದೆಯೂ ಗೀರು ಕಾಣಬಾರದು ಅಲ್ವಾ?

ಉಗುರನ್ನು ಅಡ್ಡಡ್ಡ ಎಳೆದು ನೋಡಿದೆ. ಒಂದು ಗೀರಿಗೆ ಮಾತ್ರ ಉಗುರು ಸಿಕ್ಕಿಕೊಂಡಿತು. ಅಂಥ ಆಳದ ಗೀರಿಗೆ 1500, 2000 ನಂಬರಿನ ಉಪ್ಪುಕಾಗದವನ್ನು ನೀರು ಹಾಕಿ ಉಜ್ಜಿ, ಆಮೇಲೆ ಪಾಲಿಶ್ ಕೊಡಬೇಕು. ಆಗಲೇ ಒಮ್ಮೆ ಉಜ್ಜಿ ಕೆಡಿಸಿದವನಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು. ಅದನ್ನು ಬಿಟ್ಟೆ.

ಮೊದಲು ಕೈಗೆ ಸಿಕ್ಕಿದ್ದು ನೇಲ್ ಪಾಲಿಶ್ ತೆಗೆಯುವ ದ್ರವ. ಪುಣ್ಯಕ್ಕೆ ಹಿಂಬದಿಯ ಮೂಲೆಗೆ ಒಂದೇ ಹನಿ ಹಾಕಿದೆ. ಅಷ್ಟು ಜಾಗ ಕರಗಿ ಹಾಲಿನ ಹಾಗೆ ಬೆಳ್ಳಗಾಯಿತು. ಅದರಲ್ಲಿರುವ ಅಸಿಟೋನ್ ಇಂಥ ಪ್ಲಾಸ್ಟಿಕ್ಕನ್ನು ತಿಂದೇಬಿಡುತ್ತದೆ.

ಆಮೇಲೆ ಬಿಳಿ ಟೂತ್‌ಪೇಸ್ಟ್. ಅದರಲ್ಲಿ ಹಲ್ಲಿನ ಕೊಳೆ ತೆಗೆಯಲು ಹಾಕಿರುವ ಸಿಲಿಕಾವೋ ಕ್ಯಾಲ್ಸಿಯಂ ಕಾರ್ಬೋನೇಟೋ ಅನ್ನುವ ನುಣ್ಣನೆ ಪುಡಿಯೇ ಇಲ್ಲೂ ಕೆಲಸ ಮಾಡುವುದು. ಮುಚ್ಚಳವನ್ನು ಮತ್ತೊಮ್ಮೆ ಸೋಪಿನಲ್ಲಿ ತೊಳೆದೆ. ಒಂದು ಕಣ ಮಣ್ಣು ಉಳಿದಿದ್ದರೂ ಹೊಸ ಗೀರು ಗ್ಯಾರಂಟಿ. ಒದ್ದೆ ಹತ್ತಿ ಬಟ್ಟೆಗೆ ಕಡಲೆ ಗಾತ್ರದ ಪೇಸ್ಟ್ ಹಾಕಿ, ಒತ್ತದೆ, ಸುತ್ತಿ ಸುತ್ತಿ ಉಜ್ಜಿದೆ. ಐದು ನಿಮಿಷಕ್ಕೆ ಒರೆಸಿ ನೋಡಿದರೆ ಮೊದಲಿಗಿಂತ ಮಸುಕು! ಎದೆ ಧಸಕ್ ಅಂತು. ಆದರೂ ಬಿಡಲಿಲ್ಲ. ಪಾಲಿಶ್ ಇರುವುದೇ ಹಾಗೆ: ದೊಡ್ಡ ಗೀರು ಸವೆಸಿ ಸಣ್ಣ ಗೀರು, ಅದನ್ನೂ ಸವೆಸಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು. ಮುಕ್ಕಾಲು ಗಂಟೆ ಹಿಡಿಯಿತು. ಹೆಬ್ಬೆರಳು ನೋಯತೊಡಗಿತು. ಕೊನೆಗೆ ತೊಳೆದು ಒರೆಸಿದಾಗ ಆ ಒಂದು ಆಳದ ಗೀರು ಬಿಟ್ಟು ಉಳಿದದ್ದು ಹುಡುಕಿದರೂ ಸಿಗಲಿಲ್ಲ.

ಇಷ್ಟಕ್ಕೆ ಸುಮ್ನೆ ಇರಬೇಕಿತ್ತು. ಪೇಸ್ಟ್ ಇನ್ನೂ ಇದೆ, ಬಟ್ಟೆ ಕೈಯಲ್ಲೇ ಇದೆ. ಪಕ್ಕದಲ್ಲಿದ್ದ ಕಪ್ಪು ರೇಡಿಯೊ ಮೇಲೊಂದು ಗೀರು ಕಂಡಿತು. ಉಜ್ಜಿದೆ. ಗೀರು ಹೋಯಿತು. ಅದರ ಜೊತೆ ಹೊಳಪಿಲ್ಲದ ಆ ಮೈಯ ಸಣ್ಣ ಸಣ್ಣ ತರಿಯೂ ಹೋಯಿತು. ಅಲ್ಲಿ ನಾಣ್ಯದಗಲ ಫಳಫಳ ಹೊಳೆಯುವ ಕಲೆ! ಮುಂದಿನ ಸರದಿ ನನ್ನ ಕನ್ನಡಕದ್ದಾಗಿತ್ತು. ಅದರ ಪ್ಲಾಸ್ಟಿಕ್ ಲೆನ್ಸಿನ ಮೇಲೆ ತೆಳ್ಳಗಿನ ಕೋಟಿಂಗ್ ಇದೆ, ಉಜ್ಜಿದರೆ ಅದೇ ಕಿತ್ತುಬರುತ್ತದೆ ಅನ್ನುವುದು ನೆನಪಾಗಿ ಕೈ ತೊಳೆದುಕೊಂಡೆ.

ಅಮ್ಮ ಬಂದಳು. ಗಡಿಯಾರದ ಕಡೆ ತಿರುಗಿಯೂ ನೋಡಲಿಲ್ಲ. ರೇಡಿಯೊ ಹಾಕಲು ಹೋದವಳು ಅಲ್ಲೇ ನಿಂತಳು.

"ಇದೇನೋ, ಎಣ್ಣೆ ಕೈಯಲ್ಲಿ ಮುಟ್ಟಿದ್ಯಾ?"

ಬಟ್ಟೆ ತಂದು ಒರೆಸಿದಳು. ಹೋಗಲಿಲ್ಲ. ಈಗಲೂ ಧೂಳು ಹೊಡೆಯುವಾಗಲೆಲ್ಲ ಅಲ್ಲಿ ಎರಡು ಸಲ ಜಾಸ್ತಿ ಒರೆಸುತ್ತಾಳೆ. ನಾನಿನ್ನೂ ಬಾಯಿ ಬಿಟ್ಟಿಲ್ಲ.